ಎದ್ದು ಹೋಗುವವರಿಗೊಂದು ಚಪ್ಪಾಳೆ

ರಾಜಕಾರಣಿಗಳು ರಾಜೀನಾಮೆ ಕೊಡುವುದೇ ಇಲ್ಲವೆಂದು ಗೊಣಗುವವರು ಒಮ್ಮೆ ಪಂಜಾಬಿನ ಕಡೆ ಕಣ್ಣು ಹಾಯಿಸಬೇಕು. ಅಲ್ಲಿನ ನವಜೋತ್ ಸಿಂಗ್ ಸಿಧು ಅವರ ಪ್ರಮಾಣವಚನಗಳು ಯಾರಿಗೂ ನೆನಪಿಲ್ಲ, ರಾಜೀನಾಮೆಗಳು ಎಲ್ಲರಿಗೂ ನೆನಪಿವೆ. ಲೋಕಸಭೆ, ರಾಜ್ಯಸಭೆ, ಸಚಿವ ಸಂಪುಟ, ಪಕ್ಷದ ಅಧ್ಯಕ್ಷಗಿರಿ, ಎಲ್ಲವನ್ನೂ ಬಿಟ್ಟು ಬಂದಾಗಿದೆ. ಅವರು ಬಿಟ್ಟು ಬರದ ಹುದ್ದೆಯನ್ನು ಇನ್ನು ಗ್ರಾಮ ಪಂಚಾಯಿತಿಯಲ್ಲೇ ಹುಡುಕಬೇಕು.

ಈ ಅಭ್ಯಾಸ ಹತ್ತಿದ್ದು ಮೈದಾನದಲ್ಲೇ. 1996ರ ಮಾರ್ಚ್ 9ರಂದು ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಪಾಕಿಸ್ತಾನದ ವಿರುದ್ಧ ವಿಶ್ವಕಪ್ ಕ್ವಾರ್ಟರ್ ಫೈನಲ್. ಕೊನೆಯಲ್ಲಿ ಅಜಯ್ ಜಡೇಜಾ ವಕಾರ್ ಯೂನಿಸ್‌ಗೆ ಬಾರಿಸಿದ್ದನ್ನು ಬೆಂಗಳೂರಿಗರು ಇವತ್ತಿಗೂ ಬಾಯಿ ಚಪ್ಪರಿಸಿ ಹೇಳುತ್ತಾರೆ. ಅದಕ್ಕೆ ಬುನಾದಿ ಹಾಕಿದ್ದು ಸಿಧು ಅವರ 93 ರನ್. ಇದಾಗಿ ಮೂರು ತಿಂಗಳು ತುಂಬುವ ಮೊದಲೇ ಇಂಗ್ಲೆಂಡ್ ಪ್ರವಾಸದಲ್ಲಿ ನಾಯಕ ಅಜರುದ್ದೀನ್ ಮೇಲೆ ಮುನಿಸಿಕೊಂಡು, ಸರಣಿಯ ನಡುವೆಯೇ ಗಂಟುಮೂಟೆ ಕಟ್ಟಿ ಊರಿಗೆ ಬಂದುಬಿಟ್ಟರು. ಜೂನ್‌ನಲ್ಲಿ ಲಾರ್ಡ್ಸ್‌ನಲ್ಲಿ ಇಬ್ಬರು ಹುಡುಗರು ಮೊದಲ ಟೆಸ್ಟ್ ಆಡಿದರು. ಸೌರವ್ ಗಂಗೂಲಿ 131, ನಮ್ಮ ರಾಹುಲ್ ದ್ರಾವಿಡ್ 95. ಸಿಧು ಎದ್ದು ಹೋದಾಗ ಯಾರಿಗೋ ಒಳ್ಳೆಯದಾಗುತ್ತದೆ ಎಂಬ ನಿಯಮ ಅಂದೇ ಜಾರಿಗೆ ಬಂತು. ಆ ‘ಯಾರಿಗೋ’ ಎಂಬ ಪಟ್ಟಿಯಲ್ಲಿ ಅವರಿಗೆ ಮತ ಹಾಕಿದವರು ಮಾತ್ರ ಎಂದೂ ಇರಲಿಲ್ಲ.

ತಾಳ್ಮೆಯೇ ಇಲ್ಲದ ಮನುಷ್ಯ ಎನ್ನೋಣವೆಂದರೆ ಅದೂ ಅಲ್ಲ. 1997ರಲ್ಲಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ 201 ರನ್ ಗಳಿಸಲು ಅವರು ಹನ್ನೊಂದು ಗಂಟೆಗೂ ಹೆಚ್ಚು ಕಾಲ ಕ್ರೀಸ್‌ಗೆ ಅಂಟಿಕೊಂಡಿದ್ದರು. ವೇಗದ ಬೌಲರ್‌ಗಳ ಎದುರು ಅಷ್ಟು ಹೊತ್ತು ನಿಂತವರಿಗೆ ಫ್ಯಾನಿನ ಕೆಳಗೆ ಕಡತ ಇಟ್ಟುಕೊಂಡು ಕೂರಲು ಆಗಲಿಲ್ಲ. ಕಡತಕ್ಕೆ ಸಿಕ್ಸರ್ ಹೊಡೆಯಲು ಬರುವುದಿಲ್ಲವಲ್ಲ!

2004ರಲ್ಲಿ ಬಿಜೆಪಿ ಅವರನ್ನು ಅಮೃತಸರಕ್ಕೆ ಕರೆತಂದಿತು. ಪಕ್ಷಕ್ಕೆ ಬೇಕಾಗಿದ್ದು ಸಂಸದನಲ್ಲ, ಮೈಕು. ಜನ ಒಂದು ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಗೆಲ್ಲಿಸಿ ದೆಹಲಿಗೆ ಕಳಿಸಿದರು. ಮರುವರ್ಷದ ಹೊತ್ತಿಗೆ ಅವರು ಮುಂಬೈಯ ಹಾಸ್ಯ ಸ್ಪರ್ಧೆಯೊಂದರಲ್ಲಿ ತೀರ್ಪುಗಾರರಾಗಿ ಕೂತು, ಜೋಕು ಮುಗಿಯುವ ಮೊದಲೇ ನಗುತ್ತಿದ್ದರು. ಅಮೃತಸರದಲ್ಲಿ ‘ನಮ್ಮ ಪ್ರತಿನಿಧಿ ಕಾಣೆಯಾಗಿದ್ದಾರೆ’ ಎಂದು ಪೋಸ್ಟರ್ ಅಂಟಿಸಿದ್ದು ಒಂದು ಸಲವಲ್ಲ. ಅಂಟಿಸಿದವರಿಗೆ ಸ್ವಲ್ಪ ತಿಳಿವಳಿಕೆ ಕಡಿಮೆ. ಟಿವಿ ಹಾಕಿದ್ದರೆ ವಾರಕ್ಕೊಮ್ಮೆ ತಪ್ಪದೆ ಸಿಗುತ್ತಿದ್ದರು.

2016ರ ಏಪ್ರಿಲ್‌ನಲ್ಲಿ ರಾಜ್ಯಸಭೆಗೆ ನಾಮಕರಣ. ಜುಲೈ 18ಕ್ಕೆ ರಾಜೀನಾಮೆ. ಆಮೇಲೆ ಹಾಕಿ ತಂಡದ ಮಾಜಿ ನಾಯಕ ಪರ್ಗತ್ ಸಿಂಗ್ ಜೊತೆ ಸೇರಿ ‘ಆವಾಜ್-ಎ-ಪಂಜಾಬ್’ ಎಂಬ ವೇದಿಕೆ. ಆವಾಜು ಆರುವ ಮುನ್ನವೇ, 2017ರ ಜನವರಿಯಲ್ಲಿ, ಕಾಂಗ್ರೆಸ್. ಹಿಂದೆ ಯಾವ ಮನಮೋಹನ್ ಸಿಂಗ್ ಅವರನ್ನು ವೇದಿಕೆ ವೇದಿಕೆಯಲ್ಲಿ ಗೇಲಿ ಮಾಡಿದ್ದರೋ, 2018ರ ಕಾಂಗ್ರೆಸ್ ಮಹಾಧಿವೇಶನದಲ್ಲಿ ಅವರ ಮುಂದೆಯೇ ತಲೆಬಾಗಿ ಕ್ಷಮೆ ಕೇಳಿದರು. ಸಭಾಂಗಣ ಚಪ್ಪಾಳೆ ತಟ್ಟಿತು. ಬೈದಾಗಲೂ ಚಪ್ಪಾಳೆ, ಬೈದದ್ದು ತಪ್ಪೆಂದಾಗಲೂ ಚಪ್ಪಾಳೆ. ಇಂಥ ಲಾಭದ ವ್ಯವಹಾರ ಬೇರೆಲ್ಲೂ ಇಲ್ಲ.

2017ರಲ್ಲಿ ಪಂಜಾಬಿನ ಕಾಂಗ್ರೆಸ್ ಸರ್ಕಾರದಲ್ಲಿ ಸಚಿವರಾದ ಮೇಲೆ ಸಿಕ್ಕಿದ್ದು ಸ್ಥಳೀಯಾಡಳಿತ ಖಾತೆ. ಅಂದರೆ ಚರಂಡಿ, ಕಸ, ಬೀದಿದೀಪ. ಇವನ್ನು ನೋಡಿಕೊಳ್ಳುತ್ತಲೇ ಟಿವಿ ಹಾಸ್ಯ ಕಾರ್ಯಕ್ರಮವನ್ನೂ ಮುಂದುವರಿಸುವೆ ಎಂದರು. ಮುಖ್ಯಮಂತ್ರಿ ಅಡ್ವೊಕೇಟ್ ಜನರಲ್ ಅಭಿಪ್ರಾಯ ಕೇಳಿದರು. ಕಾನೂನಿನ ಅಡ್ಡಿಯಿಲ್ಲ ಎಂಬ ಉತ್ತರ ಬಂತು. ಚರಂಡಿಗೆ ಅಡ್ಡಿ ಇದೆಯೇ ಎಂದು ಯಾರೂ ಕೇಳಲಿಲ್ಲ.

ವಿಧಿಯ ತಮಾಷೆ ನೋಡಿ, ಈ ಮುಖ್ಯಮಂತ್ರಿಯ ಹೆಸರಿನಲ್ಲೇ ಕ್ಯಾಪ್ಟನ್ ಇತ್ತು. ಸೇನೆಯಲ್ಲಿದ್ದ ಅಮರಿಂದರ್ ಸಿಂಗ್ ಅವರನ್ನು ಪಂಜಾಬ್ ಕರೆಯುವುದೇ ಹಾಗೆ. ಕ್ಯಾಪ್ಟನ್‌ಗಳ ಜೊತೆ ಸಿಧು ಅವರ ಜಾತಕ ಕೂಡಿಬಂದ ಉದಾಹರಣೆ ಇಲ್ಲ. 2018ರ ನವೆಂಬರ್‌ನಲ್ಲಿ, ಅದೂ ಅಜರುದ್ದೀನ್ ಅವರ ಹೈದರಾಬಾದಿನಲ್ಲೇ ನಿಂತು, ‘ಯಾವ ಕ್ಯಾಪ್ಟನ್? ನನ್ನ ಕ್ಯಾಪ್ಟನ್ ರಾಹುಲ್ ಗಾಂಧಿ’ ಎಂಬರ್ಥದ ಮಾತಾಡಿದರು. ಮಾತು ಮನೆ ಕೆಡಿಸಿತು. 2019ರ ಜೂನ್‌ನಲ್ಲಿ ಖಾತೆ ಬದಲಾಗಿ ವಿದ್ಯುತ್ ಇಲಾಖೆ ಬಂತು. ಸಿಧು ಆ ಕಚೇರಿಯ ಸ್ವಿಚ್ಚನ್ನೂ ಒತ್ತಲಿಲ್ಲ, ರಾಜೀನಾಮೆ ಬರೆದರು. ಸಚಿವರು ರಾಜೀನಾಮೆ ಕೊಡಬೇಕಾದದ್ದು ಮುಖ್ಯಮಂತ್ರಿಗೆ. ಇವರು ಬರೆದದ್ದು ರಾಹುಲ್ ಗಾಂಧಿಗೆ.

ಅವರದೆನ್ನಬಹುದಾದ ಸಾಧನೆಯನ್ನೂ ಹೇಳಬೇಕು. 2018ರ ಆಗಸ್ಟ್‌ನಲ್ಲಿ ಇಮ್ರಾನ್ ಖಾನ್ ಪ್ರಮಾಣವಚನಕ್ಕೆ ಹೋಗಿ, ಪಾಕಿಸ್ತಾನದ ಸೇನಾ ಮುಖ್ಯಸ್ಥರನ್ನು ತಬ್ಬಿಕೊಂಡು, ದೇಶಪೂರ್ತಿ ಬೈಸಿಕೊಂಡರು. ಮರುವರ್ಷ ಕರ್ತಾರ್‌ಪುರ ಕಾರಿಡಾರ್ ತೆರೆಯಿತು. ಸಿಖ್ಖರು ಗುರುನಾನಕರ ಕೊನೆಯ ದಿನಗಳ ನೆಲಕ್ಕೆ ವೀಸಾ ಇಲ್ಲದೆ ಹೋಗಿಬಂದರು. ಇಂಥ ಒಂದು ಬೆಳೆಯ ಮೇಲೆ ಬೇರೆಯವರಾದರೆ ಮೂರು ಚುನಾವಣೆ ಉಣ್ಣುತ್ತಿದ್ದರು.

ಸಿಧು ಹಾಗೆ ಮಾಡಲಿಲ್ಲ. 2021ರ ಜುಲೈ 18ಕ್ಕೆ ಪಂಜಾಬ್ ಕಾಂಗ್ರೆಸ್ ಅಧ್ಯಕ್ಷರಾದರು. ಸೆಪ್ಟೆಂಬರ್ 18ಕ್ಕೆ ಅಮರಿಂದರ್ ರಾಜೀನಾಮೆ ಕೊಟ್ಟರು. ಜೀವನದಲ್ಲಿ ಮೊದಲ ಬಾರಿಗೆ ಕ್ಯಾಪ್ಟನ್ನೇ ಎದ್ದು ಹೋಗಿದ್ದರು. ಖಾಲಿಯಾದ ಕುರ್ಚಿಯಲ್ಲಿ ಕೂತದ್ದು ಮಾತ್ರ ಚರಣ್‌ಜಿತ್ ಸಿಂಗ್ ಚನ್ನಿ. ಹೊಸ ಅಡ್ವೊಕೇಟ್ ಜನರಲ್ ಮತ್ತು ಪೊಲೀಸ್ ಮುಖ್ಯಸ್ಥರ ನೇಮಕ ಸರಿಯಿಲ್ಲವೆಂದು ಸಿಧು ಸೆಪ್ಟೆಂಬರ್ 28ಕ್ಕೆ ರಾಜೀನಾಮೆ ಎಸೆದರು. ಒಟ್ಟು 72 ದಿನ. ನವೆಂಬರ್‌ನಲ್ಲಿ ಅದನ್ನು ವಾಪಸ್ ಪಡೆದರು, ಹೊಸ ಅಡ್ವೊಕೇಟ್ ಜನರಲ್ ಬರುವವರೆಗೆ ಕಚೇರಿಗೆ ಕಾಲಿಡುವುದಿಲ್ಲ ಎಂಬ ಷರತ್ತಿನೊಂದಿಗೆ. ಸ್ವಂತ ಸರ್ಕಾರಕ್ಕೆ ತಾವೇ ವಿರೋಧ ಪಕ್ಷವಾಗಿ ನಿಂತು, ವಿರೋಧಿಗಳ ಪ್ರಚಾರದ ಖರ್ಚು ಉಳಿಸಿದರು.

ಮತದಾರನಿಗೆ ಹೀಗೆ ನಡುವೆ ಎದ್ದು ಹೋಗುವ ಸೌಲಭ್ಯವಿಲ್ಲ. ಅವನು ಐದು ವರ್ಷ ಕಾಯಬೇಕು. ಕಾದ. 2017ರಲ್ಲಿ ಅಮೃತಸರ ಪೂರ್ವದಲ್ಲಿ 42,809 ಮತಗಳಿಂದ ಗೆದ್ದಿದ್ದವರು 2022ರಲ್ಲಿ ಆಮ್ ಆದ್ಮಿ ಪಕ್ಷದ ಜೀವನ್ ಜ್ಯೋತ್ ಕೌರ್ ಎದುರು 6,750 ಮತಗಳಿಂದ ಸೋತರು. 77 ಸ್ಥಾನದ ಕಾಂಗ್ರೆಸ್ 18ಕ್ಕೆ ಇಳಿಯಿತು. ಲಾರ್ಡ್ಸ್‌ನ ನಿಯಮದಂತೆ ಈ ಸಲ ಒಳ್ಳೆಯದಾದದ್ದು ಆಮ್ ಆದ್ಮಿಗೆ. ಪೂರಾ 92 ಸ್ಥಾನ.

ಇನ್ನೊಂದು ಅಧ್ಯಾಯ ನಗುವಂಥದ್ದಲ್ಲ. 1988ರಲ್ಲಿ ಪಟಿಯಾಲದಲ್ಲಿ ಸಿಧು ಭಾಗಿಯಾಗಿದ್ದ ರಸ್ತೆ ಜಗಳವೊಂದರಲ್ಲಿ ವೃದ್ಧರೊಬ್ಬರು ಸತ್ತಿದ್ದರು. 2018ರಲ್ಲಿ ಸುಪ್ರೀಂ ಕೋರ್ಟ್ ಸಾವಿರ ರೂಪಾಯಿ ದಂಡಕ್ಕೆ ಬಿಟ್ಟಿದ್ದ ಪ್ರಕರಣ ಮರುಪರಿಶೀಲನೆಗೆ ಬಂದು, 2022ರ ಮೇ ತಿಂಗಳಲ್ಲಿ ಒಂದು ವರ್ಷದ ಕಠಿಣ ಶಿಕ್ಷೆಯಾಯಿತು. ಸಂತ್ರಸ್ತ ಕುಟುಂಬ ಮೂವತ್ತಮೂರು ವರ್ಷ ಎದ್ದು ಹೋಗದೆ ಕೋರ್ಟಿನಲ್ಲಿ ಕೂತಿತ್ತು.

2023ರ ಏಪ್ರಿಲ್ 1ರಂದು ಬಿಡುಗಡೆಯಾದ ಸಿಧು ಮರುವರ್ಷದ ಐಪಿಎಲ್‌ಗೆ ಕಾಮೆಂಟರಿ ಬಾಕ್ಸ್‌ಗೆ ಮರಳಿದರು. ಅಲ್ಲಿ ಎಲ್ಲವೂ ಅವರ ಅಳತೆಗೆ ಹೊಲಿದಂತಿದೆ. ಯಾರನ್ನು ಬೇಕಾದರೂ ಟೀಕಿಸಬಹುದು, ಯಾರು ಸೋತರೂ ತಮ್ಮ ಮೇಲೆ ಬರುವುದಿಲ್ಲ, ಓವರ್ ಮುಗಿದರೆ ಎದ್ದು ಹೋಗಲು ಯಾರ ಅನುಮತಿಯೂ ಬೇಡ. ಆದರೆ ಮುಂದಿನ ಚುನಾವಣೆಗೆ ಯಾವುದಾದರೂ ಪಕ್ಷ ಹಾರ ಹಿಡಿದು ಹೋಗದೆ ಇರುವುದಿಲ್ಲ, ಮೈಕು ಕಂಡರೆ ನಮ್ಮ ಪಕ್ಷಗಳಿಗೆ ಅಷ್ಟು ಆಸೆ. ಹೋಗುವವರಿಗೆ ಒಂದೇ ಕಿವಿಮಾತು: ಅವರಿಗೆ ಬಾಗಿಲ ಪಕ್ಕದ ಸೀಟನ್ನೇ ಕೊಡಿ. ನಡುಸಾಲಿನಲ್ಲಿ ಕೂರಿಸಿದರೆ, ಏಳುವಾಗ ಎಲ್ಲರ ಕಾಲು ತುಳಿಯುತ್ತಾರೆ.