ಒಂದಕ್ಕೆ ಐವತ್ತರ ಆಸಾಮಿ

“ಹೆರಿಗೆ ಆಯ್ತಂತಾ? ಯಾವಾಗ? ತಾಯಿ ಮಗು ಕ್ಷೇಮ ತಾನೇ?”

ಅರವತ್ತು ದಾಟಿದ ಇಂಗ್ಲಿಷ್ ಗಂಡಸೊಬ್ಬ ಪಬ್ಬಿನ ಮೂಲೆಯಲ್ಲಿ ಬಿಯರ್ ಗ್ಲಾಸು ಹಿಡಿದು ಹೀಗೆ ವಿಚಾರಿಸುತ್ತಿದ್ದರೆ, ಮೊಮ್ಮಗುವಿನ ಸಂಭ್ರಮ ಇರಬೇಕು ಎಂದುಕೊಂಡು ಅಭಿನಂದಿಸಲು ಹೋಗಬೇಡಿ. ಅವನು ಕೇಳುತ್ತಿರುವುದು ಜನ್ಮದಲ್ಲಿ ಮುಖಾಮುಖಿಯಾಗದ ಗಾಲ್ಫ್ ಆಟಗಾರನೊಬ್ಬನ ಸಂಸಾರದ ಬಗ್ಗೆ. ಗುರುವಾರ ಟೂರ್ನಿ ಶುರು. ಅಷ್ಟರೊಳಗೆ ಮಗು ಹುಟ್ಟಿದ್ದರೆ ಅಪ್ಪನ ಮೇಲೆ ದುಡ್ಡು ಕಟ್ಟಬಹುದು. ಹುಟ್ಟಿಲ್ಲವೆಂದರೆ ಅವನ ಕಿವಿಯೆಲ್ಲ ಫೋನಿನ ಮೇಲೆ, ಚೆಂಡನ್ನು ಕುಳಿಗೆ ತಳ್ಳುವ ನಾಲ್ಕಡಿಯ ಪಟ್ಟೂ ತಪ್ಪುತ್ತದೆ. ಇದಕ್ಕೆ ‘ನ್ಯಾಪಿ ಫ್ಯಾಕ್ಟರ್’, ಎಂದರೆ ಕೂಸಿನ ಲಂಗೋಟಿಯ ಮಹಿಮೆ, ಎಂದು ಹೆಸರಿದೆ. ತಮಾಷೆಯಲ್ಲ, ಬ್ರಿಟನ್ನಿನ ಗಾಲ್ಫ್ ಟಿಪ್‌ಸ್ಟರ್‌ಗಳು ಇದನ್ನು ಭೌತಶಾಸ್ತ್ರದ ನಿಯಮದಷ್ಟೇ ಗಂಭೀರವಾಗಿ ಉದ್ಧರಿಸುತ್ತಾರೆ.

ನಮ್ಮ ಕಥಾನಾಯಕ ಅಂಥ ಟಿಪ್‌ಸ್ಟರ್, ಎಂದರೆ ಯಾರ ಮೇಲೆ ದುಡ್ಡು ಕಟ್ಟಬೇಕೆಂದು ಊರಿಗೆಲ್ಲ ಹೇಳುವವನು. ಪಾಸ್‌ಪೋರ್ಟಿನಲ್ಲಿ ಏನು ಹೆಸರಿದೆಯೋ, ನಾವು ಟಿಪ್ಪಣ್ಣ ಎಂದೇ ಕರೆಯೋಣ. 1961ರ ಮೇ ತಿಂಗಳಿಂದ ಬ್ರಿಟನ್ನಿನಲ್ಲಿ ಬೆಟ್ಟಿಂಗ್ ಅಂಗಡಿಗಳು ಕಾನೂನಿನ ಆಶೀರ್ವಾದದೊಂದಿಗೆ ಬೇಕರಿ, ಕ್ಷೌರದಂಗಡಿಗಳ ಪಕ್ಕದಲ್ಲೇ ಬಾಗಿಲು ತೆರೆದು ಕೂತಿವೆ. ಹಾಗಾಗಿ ಈ ತಳಿ ಅಲ್ಲಿ ಹುಲುಸಾಗಿ ಬೆಳೆದಿದೆ. ಕುದುರೆಯ ಟಿಪ್‌ಸ್ಟರ್ ಇವರಲ್ಲಿ ಹಿರಿಯ, ಫುಟ್‌ಬಾಲಿನವನು ಗಲಾಟೆಯವನು. ಪಂಡಿತ ಎಂದರೆ ಗಾಲ್ಫಿನವನೇ. ಫುಟ್‌ಬಾಲಿನಲ್ಲಿ ಎರಡು ತಂಡ, ಕುದುರೆ ರೇಸಿನಲ್ಲಿ ಹತ್ತು ಹನ್ನೆರಡು ಕುದುರೆ. ಓಪನ್ ಚಾಂಪಿಯನ್‌ಷಿಪ್ಪಿಗೆ 156 ಜನ ಬರುತ್ತಾರೆ. ಗೆಲ್ಲುವವನು ಒಬ್ಬ, ಅವನು ಯಾರು ಎಂದು ಟಿಪ್ಪಣ್ಣ ಬುಧವಾರದ ಕ್ರೀಡಾಪುಟದಲ್ಲಿ ಬರೆಯಬೇಕು. ಬರೆಯುತ್ತಾನೆ. ಒಬ್ಬನ ಹೆಸರನ್ನಲ್ಲ, ಐವರ ಹೆಸರನ್ನು.

ಆ ಐವರನ್ನು ವರ್ಣಿಸುವಾಗ ಅವನು ಮದುವೆ ದಲ್ಲಾಳಿಯೇ ಸರಿ. ದಲ್ಲಾಳಿಯ ಬಾಯಲ್ಲಿ ಕೆಲಸವಿಲ್ಲದ ಹುಡುಗ ‘ಮನೆಗೆ ಹತ್ತಿಕೊಂಡಿರುವವನು’ ಆಗುತ್ತಾನಲ್ಲ, ಹಾಗೆ ಟಿಪ್ಪಣ್ಣನ ಲೇಖನಿಯಲ್ಲಿ ಮೂರು ವಾರದಿಂದ ಎರಡು ದಿನದ ಆಟದ ಮೇಲೆ ಸೋಸುವ ಕಟ್ ದಾಟದೆ ಶುಕ್ರವಾರವೇ ಗಂಟುಮೂಟೆ ಕಟ್ಟಿದವನು ‘ಚೆನ್ನಾಗಿ ವಿಶ್ರಾಂತಿ ಪಡೆದವನು’. ಕಳೆದ ವಾರ ಗೆದ್ದವನು ‘ಆತ್ಮವಿಶ್ವಾಸದ ಉತ್ತುಂಗದಲ್ಲಿ’, ಕಳೆದ ವಾರ ಸೋತವನು ‘ಹಸಿದಿದ್ದಾನೆ’. ಕೋಚ್ ಬದಲಿಸಿದರೆ ಹೊಸ ಹುರುಪು, ಬದಲಿಸದಿದ್ದರೆ ಸ್ಥಿರತೆ. ಬೆನ್ನುನೋವೆಂದು ಸುದ್ದಿ ಬಂತೋ, ಟಿಪ್ಪಣ್ಣನ ಕಣ್ಣು ಹೊಳೆಯುತ್ತದೆ. ಗಾಯಾಳು ಗಾಲ್ಫರನ ಬಗ್ಗೆ ಎಚ್ಚರ ಎಂಬುದು ಅವನ ಇನ್ನೊಂದು ಸೂತ್ರ. ನೋವಿದ್ದವನು ಜೋರಾಗಿ ಬೀಸಲು ಹೋಗುವುದಿಲ್ಲ, ಆದ್ದರಿಂದ ನೇರವಾಗಿ ಹೊಡೆಯುತ್ತಾನಂತೆ. ಸಾಕ್ಷಿ? 2008ರ ಯು.ಎಸ್. ಓಪನ್. ಟೈಗರ್ ವುಡ್ಸ್ ಮುರಿದ ಕಾಲೆಳೆದುಕೊಂಡು ಟೊರಿ ಪೈನ್ಸ್‌ನಲ್ಲಿ 91 ಹೋಲ್ ಆಡಿ ರೊಕೊ ಮೀಡಿಯೇಟನನ್ನು ಸೋಲಿಸಿದ. ಇನ್ನೂ ಬೇಕೆಂದರೆ ಸ್ಕಾಟಿ ಶೆಫ್ಲರ್ ಇದ್ದಾನೆ. 2024ರ ಕ್ರಿಸ್‌ಮಸ್ ದಿನ ಅಡುಗೆಮನೆ ಹೊಕ್ಕು, ರವಿಯೋಲಿ ಎಂಬ ಹೂರಣದ ತಿನಿಸು ಮಾಡಲು ಹೋಗಿ, ಒಡೆದ ಗಾಜು ಅಂಗೈಗೆ ಚುಚ್ಚಿಸಿಕೊಂಡು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ. 2025ರಲ್ಲಿ ಪಿಜಿಎ ಚಾಂಪಿಯನ್‌ಷಿಪ್, ಓಪನ್ ಎರಡನ್ನೂ ಗೆದ್ದ. ಕೈಗೆ ಪಟ್ಟಿ ಕಟ್ಟಿಕೊಂಡು ಟೂರ್ನಿಗಳಿಂದ ದೂರವುಳಿದ ಜನವರಿಯನ್ನು ಟಿಪ್ಪಣ್ಣ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ನ್ಯಾಪಿ ಫ್ಯಾಕ್ಟರಿಗೆ ಸ್ಥಳಪುರಾಣವೇ ಇದೆ. 2016ರ ಮಾಸ್ಟರ್ಸ್. ಇಂಗ್ಲೆಂಡಿನ ಡ್ಯಾನಿ ವಿಲೆಟ್‌ನ ಹೆಂಡತಿಗೆ ವೈದ್ಯರು ಕೊಟ್ಟಿದ್ದ ದಿನ ಟೂರ್ನಿಯ ಕೊನೆಯ ದಿನವೇ ಆಗಿತ್ತು. ಮಗು ಮುಂಚೆಯೇ ಹುಟ್ಟಿತು, ವಿಲೆಟ್ ವಿಮಾನ ಹತ್ತಿ ಅಗಸ್ಟಾಕ್ಕೆ ಬಂದ. ಭಾನುವಾರ ಅರ್ಧ ದಾರಿಯಲ್ಲಿ ಜೋರ್ಡನ್ ಸ್ಪೀತ್ ಐದು ಹೊಡೆತ ಮುಂದಿದ್ದ. ಹತ್ತನೆಯ ಹೋಲಿನಲ್ಲಿ ಒಂದು ಬೋಗಿ, ಎಂದರೆ ಲೆಕ್ಕಕ್ಕಿಂತ ಒಂದು ಹೊಡೆತ ಹೆಚ್ಚು, ಹನ್ನೊಂದರಲ್ಲಿ ಇನ್ನೊಂದು. ಹನ್ನೆರಡನೆಯದು ನೋಡಲು ಸಾಧುವಾದ ಮೂರು ಹೊಡೆತದ ಹೋಲ್, ಮುಂದೆ ರೇಸ್ ಕ್ರೀಕ್ ಎಂಬ ತೊರೆ. ಸ್ಪೀತ್ ಅಲ್ಲಿ ಎರಡು ಚೆಂಡು ನೀರಿಗೆ ಬಿಟ್ಟು ಏಳು ಹೊಡೆತ ತೆಗೆದುಕೊಂಡ. ಹಸುಗೂಸಿನ ಅಪ್ಪ ಗೆದ್ದವನಿಗೆ ತೊಡಿಸುವ ಹಸಿರು ಕೋಟು ತೊಟ್ಟ. ಸ್ಪೀತ್‌ನ ಚೆಂಡು ನೀರಿಗೆ ಬಿದ್ದದ್ದಕ್ಕೂ ವಿಲೆಟ್‌ನ ಮನೆಯ ತೊಟ್ಟಿಲಿಗೂ ಏನು ಸಂಬಂಧ ಎಂದು ಕೇಳಿದರೆ ಟಿಪ್ಪಣ್ಣ ನಿಮ್ಮನ್ನು ನಾಸ್ತಿಕನನ್ನು ನೋಡುವಂತೆ ನೋಡುತ್ತಾನೆ.

ಆದರೆ 2024ರ ಮೇ ತಿಂಗಳಲ್ಲಿ ಶೆಫ್ಲರ್‌ಗೂ ಮಗುವಾಯಿತು. ಮರುವಾರವೇ ವಲ್ಹಾಲಾದಲ್ಲಿ ಪಿಜಿಎ. ಆ ವರ್ಷ ಅವನ ಆಟ ಬೆಂಕಿ, ಜೊತೆಗೆ ತೊಟ್ಟಿಲು; ಟಿಪ್ಪಣ್ಣ ಎರಡನೇ ಯೋಚನೆ ಮಾಡಲಿಲ್ಲ. ಶುಕ್ರವಾರ ನಸುಕಿನಲ್ಲಿ ಮೈದಾನದ ಗೇಟಿನ ಬಳಿ ವಾಹನದಟ್ಟಣೆಯ ಗೊಂದಲದಲ್ಲಿ ಪೊಲೀಸರು ಶೆಫ್ಲರ್‌ಗೆ ಕೈಕೋಳ ತೊಡಿಸಿ ಠಾಣೆಗೆ ಒಯ್ದರು. ಕೊನೆಗೆ ಆರೋಪಗಳನ್ನೆಲ್ಲ ಕೈಬಿಟ್ಟರು, ಅದು ಬೇರೆ ಮಾತು. ಅವನು ಗೆಲ್ಲಲಿಲ್ಲ, ಜಂಟಿ ಎಂಟನೆಯವನಾದ. “ನ್ಯಾಪಿ ಫ್ಯಾಕ್ಟರ್ ಸರಿಯಾಗಿಯೇ ಕೆಲಸ ಮಾಡುತ್ತಿತ್ತು, ಪೊಲೀಸರು ಅಡ್ಡ ಬಂದರು” ಎಂದ ಟಿಪ್ಪಣ್ಣ. ಬಂಧನವಾದ ದಿನವೇ ಅವನು 66 ಹೊಡೆತಕ್ಕೇ ಆಟ ಮುಗಿಸಿದನಲ್ಲ, ಪೊಲೀಸರು ಬಾರದ ಶನಿವಾರ ತಾನೇ 73 ಆದದ್ದು ಎಂದು ಪಬ್ಬಿನ ಹುಡುಗನೊಬ್ಬ ನೆನಪಿಸಿದ. ಆ ಹುಡುಗನ ಜೊತೆ ಟಿಪ್ಪಣ್ಣ ಈಗ ಮಾತಾಡುವುದಿಲ್ಲ.

ಟಿಪ್ಪಣ್ಣನಿಗೆ ಗೊತ್ತಿಲ್ಲದ್ದಿಲ್ಲ. ಈ ಮಾತನ್ನು ವ್ಯಂಗ್ಯವಾಗಿ ಹೇಳುತ್ತಿಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರೊಫೆಸರ್ ಮಾರ್ಕ್ ಬ್ರಾಡಿ ಬೆಳೆಸಿದ, 2011ರಿಂದ ಪಿಜಿಎ ಟೂರ್ ತನ್ನ ಅಂಕಿಅಂಶಗಳಲ್ಲಿ ಸೇರಿಸಿಕೊಂಡ ‘ಸ್ಟ್ರೋಕ್ಸ್ ಗೇನ್ಡ್’ ಲೆಕ್ಕ, ಎಂದರೆ ಯಾವ ಬಗೆಯ ಹೊಡೆತದಲ್ಲಿ ಯಾರಿಗೆ ಎಷ್ಟು ಲಾಭವೆಂಬ ಅಳತೆ, ಅವನಿಗೆ ಬಾಯಿಪಾಠ. ಅದನ್ನು ಓದಿದವರಲ್ಲಿ ಮೊದಲಿಗರ ಪೈಕಿ ಅವನೂ ಒಬ್ಬ. ಐರನ್ ಹೊಡೆತಗಳು ವಾರದಿಂದ ವಾರಕ್ಕೆ ನಿಲ್ಲುವ ಗುಣ, ಪಟ್ಟಿಂಗ್ ಮಾತ್ರ ಬಂದು ಹೋಗುವ ಅದೃಷ್ಟ. ಆದ್ದರಿಂದ ಚೆನ್ನಾಗಿ ಹೊಡೆದು ಕೆಟ್ಟದಾಗಿ ಪಟ್ ಮಾಡಿದವನನ್ನು ಹಿಡಿಯಬೇಕು ಎಂದು ಅವನು ವಿವರಿಸುವಾಗ ಎದುರಿಗೆ ಕೂತವನಿಗೆ ನಿಜಕ್ಕೂ ಜ್ಞಾನೋದಯವಾಗುತ್ತದೆ. ಮಾಸ್ಟರ್ಸ್‌ಗೆ ವರ್ಷ ವರ್ಷವೂ ಅಗಸ್ಟಾದ ಅದೇ ಮೈದಾನ, ಹಾಗಾಗಿ ಅಲ್ಲಿ ಹಳಬನ ಅನುಭವಕ್ಕೆ ಬೆಲೆಯುಂಟು. 2023ರಲ್ಲಿ 63 ವರ್ಷದ ಫ್ರೆಡ್ ಕಪಲ್ಸ್ ಕೂಡ ಕಟ್ ದಾಟಿದ. ಮೊದಲ ಸಲ ಬಂದವನು ಗೆದ್ದದ್ದು 1979ರಲ್ಲಿ ಫಝಿ ಝೆಲರ್, ಆಮೇಲೆ 2025ರವರೆಗೆ ಯಾರೂ ಇಲ್ಲ. ಓಪನ್ನಿನಲ್ಲಾದರೆ ಕಡಲ ಗಾಳಿಯೇ ಅರ್ಧ ಆಟಗಾರ: ಬೆಳಗಿನ ಗುಂಪಿಗೆ ಶಾಂತ ಆಕಾಶ, ಮಧ್ಯಾಹ್ನದ ಗುಂಪಿಗೆ ಬಿರುಗಾಳಿ ಸಿಕ್ಕರೆ ಅರ್ಧದಷ್ಟು ಜನ ಆಟ ಶುರುಮಾಡುವ ಸಮಯದ ಚೀಟಿ ಕೈಗೆ ಬಂದಾಗಲೇ ಸೋತಿರುತ್ತಾರೆ. ಇದೆಲ್ಲ ನಿಜವಾದ ವಿದ್ಯೆ. ಗಾಲ್ಫನ್ನು ಟಿಪ್ಪಣ್ಣನಂತೆ ಓದಬಲ್ಲವರು ಟಿ.ವಿ. ವಿವರಣೆಗಾರರಲ್ಲೂ ಕಡಿಮೆ.

ತೊಂದರೆ ಏನೆಂದರೆ ಇಷ್ಟೆಲ್ಲ ಬಲ್ಲವನಿಗೂ 2003ರಲ್ಲಿ ಬೆನ್ ಕರ್ಟಿಸ್ ಕಾಣಲಿಲ್ಲ. ವಿಶ್ವ ಶ್ರೇಯಾಂಕ 396, ಬದುಕಿನ ಮೊದಲ ಮೇಜರ್ ಟೂರ್ನಿ. ಬಂದ, ಓಪನ್ ಗೆದ್ದ, ಹೋದ. 1999ರ ಕಾರ್ನೂಸ್ಟಿಯಲ್ಲಿ ಪಾಲ್ ಲಾರಿ ಕೊನೆಯ ದಿನ ಹತ್ತು ಹೊಡೆತ ಹಿಂದಿನಿಂದ ಬಂದು ಗೆದ್ದಾಗಲೂ ಇದೇ ಕಥೆ. ಅಲ್ಲಿ ಫ್ರಾನ್ಸಿನ ಜಾನ್ ವಾನ್ ಡ ವೆಲ್ಡ್‌ಗೆ ಕೊನೆಯ ಹೋಲಿನಲ್ಲಿ ಆರು ಹೊಡೆದರೂ ಕಪ್ಪು ಸಿಗುತ್ತಿತ್ತು. ಅವನು ಶೂ ಕಳಚಿ ಬ್ಯಾರಿ ಹಳ್ಳಕ್ಕಿಳಿದು ಒಟ್ಟು ಏಳು ಹೊಡೆದು, ಪ್ಲೇಆಫ್‌ನಲ್ಲಿ ಸೋತ. ಯಾವ ಫಾರ್ಮ್ ಪಟ್ಟಿಯಲ್ಲಿ ಶೂ ಕಳಚುವ ಅಂಕಣವಿದೆ?

ಆದ್ದರಿಂದಲೇ ಟಿಪ್ಪಣ್ಣ ಎಂದೂ ‘ಇವನು ಗೆಲ್ಲುತ್ತಾನೆ’ ಎಂದು ಬರೆಯುವುದಿಲ್ಲ. ‘ಒಂದಕ್ಕೆ ಐವತ್ತರ ಬೆಲೆಗೆ ಇವನಲ್ಲಿ ವ್ಯಾಲ್ಯೂ ಇದೆ’ ಎನ್ನುತ್ತಾನೆ. ಈ ವಾಕ್ಯವನ್ನು ಯಾವ ಫಲಿತಾಂಶವೂ ಸುಳ್ಳು ಮಾಡಲಾರದು. ಎರಡನೆಯ ರಕ್ಷಾಕವಚ ‘ಈಚ್ ವೇ’. ಅರ್ಧ ದುಡ್ಡು ಗೆಲುವಿನ ಮೇಲೆ, ಅರ್ಧ ದುಡ್ಡು ಮೊದಲ ಎಂಟರೊಳಗೆ ಬರುವುದರ ಮೇಲೆ, ಅದೂ ಐದನೇ ಒಂದು ಪಾಲಿನ ದರಕ್ಕೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್, ವಿಶ್ವ ಶ್ರೇಯಾಂಕ 200ರಲ್ಲಿದ್ದವಳು, ಒಂದೇ ಹೊಡೆತದಿಂದ ಪದಕ ತಪ್ಪಿ ನಾಲ್ಕನೆಯವಳಾದಾಗ ಗಾಲ್ಫಿನ ಗಂಧಗಾಳಿ ಇಲ್ಲದವರೂ ಇಡೀ ದಿನ ಸಂಕಟಪಟ್ಟರು. ಟಿಪ್ಪಣ್ಣನ ಲೋಕದಲ್ಲಿ ಇಂಥ ಸಂಕಟವಿಲ್ಲ. ಅಲ್ಲಿ ನಾಲ್ಕನೆಯದೂ ಜಯ, ಎಂಟನೆಯದೂ ಜಯ.

ಎಂಟನೆಯದು ಎಂಥ ಜಯ ಎಂದು ಲೆಕ್ಕ ಹಾಕೋಣ. ಒಂದಕ್ಕೆ ಐವತ್ತರ ಆಸಾಮಿಯ ಮೇಲೆ ಐದು ಪೌಂಡ್ ಈಚ್ ವೇ, ಎಂದರೆ ಕಿಸೆಯಿಂದ ಹೋದದ್ದು ಹತ್ತು. ಆಸಾಮಿ ಇನ್ನೂ ನಾಲ್ವರ ಜೊತೆ ಎಂಟನೇ ಸ್ಥಾನ ಹಂಚಿಕೊಂಡ. ಗೆಲುವಿನ ಐದು ಪೌಂಡ್ ಮುಳುಗಿತು. ಸ್ಥಾನದ ಐದು ಪೌಂಡ್ ‘ಡೆಡ್ ಹೀಟ್’ ನಿಯಮದಂತೆ ಐವರಿಗೆ ಹಂಚಿ ಒಂದಾಯಿತು. ಆ ಒಂದಕ್ಕೆ ಹತ್ತು, ಅಸಲು ಸೇರಿ ಹನ್ನೊಂದು. ನಿವ್ವಳ ಲಾಭ ಒಂದು ಪೌಂಡ್. ಇದಕ್ಕಾಗಿ ಟಿಪ್ಪಣ್ಣ ನಾಲ್ಕು ದಿನ, 72 ಹೋಲ್, ನಿದ್ದೆಗೆಟ್ಟು ಕೂತಿದ್ದಾನೆ. ಜಗತ್ತೆಲ್ಲ ಟಿ.ವಿ.ಯಲ್ಲಿ ಚಾಂಪಿಯನ್ ಕಪ್ಪಿಗೆ ಮುತ್ತಿಡುವುದನ್ನು ನೋಡುವಾಗ ಅವನು ಫೋನಿನಲ್ಲಿ ಎಂಟನೆಯವನ ಆರಡಿಯ ಪಟ್ ಏನಾಯಿತೆಂದು ತಡಕುತ್ತಿರುತ್ತಾನೆ. ಆ ಆಟಗಾರನ ಹೆತ್ತ ತಾಯಿಯೂ ಆ ಪಟ್‌ಗೆ ಅಷ್ಟು ಪ್ರಾರ್ಥಿಸಿರಲಾರಳು. ಬುಧವಾರದ ಅಂಕಣ ಹೀಗೆ ಶುರುವಾಗುತ್ತದೆ: ‘ಕಳೆದ ವಾರ ನಮ್ಮದು ಮತ್ತೆ ಲಾಭದ ವಾರ.’

ತನ್ನ ವಿದ್ಯೆಯನ್ನು ಯಾರಾದರೂ ಹಗುರಾಗಿ ಆಡಿದರೆ ಅವನು ಮೂರು ಕಥೆ ಹೇಳುತ್ತಾನೆ. 1991ರಲ್ಲಿ ಎಸೆಕ್ಸ್‌ನ ಇಬ್ಬರು ಊರೂರು ಸುತ್ತಿ, ಸಣ್ಣಪುಟ್ಟ ಬುಕಿಗಳ ಬಳಿ, ಇಂತಿಂಥ ದೊಡ್ಡ ಟೂರ್ನಿಗಳಲ್ಲಿ ಯಾರಾದರೊಬ್ಬ ಒಂದೇ ಹೊಡೆತಕ್ಕೆ ಹೋಲ್ ಮಾಡುತ್ತಾನೆ ಎಂದು ದುಡ್ಡು ಕಟ್ಟಿದರು. ಅದು ಹೆಚ್ಚುಕಡಿಮೆ ನಾಣ್ಯ ಚಿಮ್ಮಿದಷ್ಟೇ ಸಂಭವದ ಸಂಗತಿ. ಲೆಕ್ಕ ಗೊತ್ತಿಲ್ಲದ ಕೆಲವು ಬುಕಿಗಳು ಒಂದಕ್ಕೆ ನೂರರವರೆಗೂ ಕೊಟ್ಟರು. ಐದು ಟೂರ್ನಿಗಳಲ್ಲೂ ಚೆಂಡು ಬಿತ್ತು, ಇಬ್ಬರೂ ಸೇರಿ ಸುಮಾರು ಐದು ಲಕ್ಷ ಪೌಂಡ್ ಗೆದ್ದರು. ಎರಡನೆಯದು, 2004ರಲ್ಲಿ ರೋರಿ ಮೆಕಿಲ್ರಾಯ್‌ನ ಅಪ್ಪ ಗೆಳೆಯರೊಂದಿಗೆ ಸೇರಿ, ಮಗ ಹತ್ತು ವರ್ಷದೊಳಗೆ ಓಪನ್ ಗೆಲ್ಲುತ್ತಾನೆಂದು ಒಂದಕ್ಕೆ 500ರಂತೆ ಕಟ್ಟಿದ. 2014ರಲ್ಲಿ ಹಾಯ್‌ಲೇಕ್‌ನಲ್ಲಿ ಮಗ ಗೆದ್ದ. ಮೂರನೆಯದು, 2019ರ ಮಾಸ್ಟರ್ಸ್‌ನಲ್ಲಿ 43ರ ಟೈಗರ್ ಮೇಲೆ ಅಮೆರಿಕದ ಒಬ್ಬ 85,000 ಡಾಲರ್ ಹಾಕಿ 11,90,000 ಡಾಲರ್ ಬಾಚಿದ.

ಟಿಪ್ಪಣ್ಣ ಇವನ್ನು ತನ್ನ ಕುಲದ ಸಾಹಸಗಾಥೆಗಳಂತೆ ಹೇಳುತ್ತಾನೆ. ಕೇಳುವವನು ಸ್ವಲ್ಪ ಯೋಚಿಸಬೇಕು. ಎಸೆಕ್ಸ್‌ನವರು ಒಬ್ಬ ಆಟಗಾರನ ಫಾರ್ಮನ್ನೂ ನೋಡಲಿಲ್ಲ, ಯಾರು ಆಡಿದರೂ ಅವರಿಗೆ ಒಂದೇ. ರೋರಿಯ ಅಪ್ಪನಿಗೆ ಗೊತ್ತಿದ್ದದ್ದು ಒಬ್ಬನೇ ಆಟಗಾರ, ಅದೂ ತೊಟ್ಟಿಲಿನಿಂದ. ಟೈಗರ್ ಮೇಲೆ ಸುರಿದವನು ಅದಕ್ಕೂ ಮುಂಚೆ ಯಾವ ಕ್ರೀಡೆಯ ಮೇಲೂ ದುಡ್ಡು ಕಟ್ಟಿದವನಲ್ಲ ಎಂದು ತಾನೇ ಹೇಳಿಕೊಂಡ. ಇವರಲ್ಲಿ ಯಾರೂ ಬುಧವಾರದ ಅಂಕಣ ಓದಿ ಗೆದ್ದವರಲ್ಲ.

ಬುಕಿಗೆ ಇದು ಚೆನ್ನಾಗಿ ಗೊತ್ತು. 156 ಜನರ ದರಗಳನ್ನು ಶೇಕಡಾವಾರು ಲೆಕ್ಕಕ್ಕೆ ಇಳಿಸಿ ಕೂಡಿದರೆ ಮೊತ್ತ ನೂರಕ್ಕೆ ನಿಲ್ಲುವುದಿಲ್ಲ, ಬಹಳ ಮುಂದೆ ಹೋಗುತ್ತದೆ. ಆ ಹೆಚ್ಚುವರಿಯೇ ಅವನ ಜೀವನಾಧಾರ. ಅದಕ್ಕೇ ಬೆಟ್ಟಿಂಗ್ ಅಂಗಡಿಯವನು ಟಿಪ್ಪಣ್ಣನನ್ನು ಕಂಡರೆ ಎದ್ದು ನಿಂತು ಚಹಾ ಬೇಕೇ ಎಂದು ಕೇಳುತ್ತಾನೆ. ಟಿಪ್ಪಣ್ಣನಿಗೂ ಗೊತ್ತು. ಅಂಕಣದ ಸಂಭಾವನೆ ಯಾರು ಗೆದ್ದರೂ ತಿಂಗಳ ಕೊನೆಗೆ ಬರುತ್ತದೆ. ಓದುಗರಿಗೆ ಐದು ಹೆಸರು ಕೊಡುವ ಅವನು ತನ್ನ ದುಡ್ಡಿನಲ್ಲಿ ವಾರಕ್ಕೆ ಒಬ್ಬನ ಮೇಲೆ ಮಾತ್ರ ಕಟ್ಟುತ್ತಾನೆ, ಎರಡೂವರೆ ಪೌಂಡ್ ಈಚ್ ವೇ.