ಗೃಹಾಂತರ್ಗತ ಇಂಧನ ಮಿತವ್ಯಯದ ಪೂರ್ವೋತ್ತರ ಮೀಮಾಂಸೆ: ರಾಯಚೂರು, ದೇವದುರ್ಗ, ಮಾನ್ವಿ ಪರಿಸರದಲ್ಲೊಂದು ಬಹುಶಿಸ್ತೀಯ ಪ್ರವೇಶಿಕೆ

ಮನೆಯ ಕರೆಂಟ್ ಬಿಲ್ಲು ಹಾಗೂ ಒಲೆಯ ಖರ್ಚನ್ನು ತಗ್ಗಿಸುವ ಬಗೆಯನ್ನು ಸೈದ್ಧಾಂತಿಕ, ಸಾಂಸ್ಕೃತಿಕ ಮತ್ತು ಅಂತರ್‌ಶಿಸ್ತೀಯ ನೆಲೆಗಳಲ್ಲಿ ಮುಖಾಮುಖಿಯಾಗಿಸಿ, ಆ ಮುಖಾಮುಖಿಯನ್ನೇ ಮತ್ತೊಮ್ಮೆ ಸಮಸ್ಯೀಕರಿಸುವುದು ಪ್ರಸ್ತುತ ಪ್ರಬಂಧದ ಆಶಯವಾಗಿದೆ. ಪ್ರತಿ ಡಿಸೆಂಬರ್ 14ರಂದು ರಾಷ್ಟ್ರೀಯ ಇಂಧನ ಸಂರಕ್ಷಣಾ ದಿನದ ಹೆಸರಲ್ಲಿ ನಡೆಯುವ ವಿಚಾರ ಸಂಕಿರಣಗಳೇ ಇದರ ಪ್ರಾಥಮಿಕ ಆಕರ. ಅಲ್ಲಿ ಊಟದ ಕೂಪನ್ನಿಗೆ ನಿಂತಾಗ ಕಿವಿಗೆ ಬಿದ್ದದ್ದು ದ್ವಿತೀಯ ಆಕರ. ಎರಡನೆಯದೇ ಹೆಚ್ಚು ನಂಬಲರ್ಹವೆಂದು ಕಂಡುಬಂದಿದೆ.

ವ್ಯಾಖ್ಯೆ: ಬಡವನು ತನ್ನ ಮನೆಯಲ್ಲಿ ಇಲ್ಲದ ಉಪಕರಣವನ್ನು ಆರಿಸುವ ಕ್ರಿಯೆಗೆ ಗೃಹ ಮಿತವ್ಯಯವೆಂದು ಹೆಸರು.

ಮಿತವ್ಯಯಿಗಳಲ್ಲಿ ಏಳು ಪ್ರಭೇದಗಳಿವೆ. ಒಂದು, ಉಪದೇಶಕ ಮಿತವ್ಯಯಿ. ಹೊರಗೆ ರಾಯಚೂರಿನ ಬಿಸಿಲು ಕಣ್ಣು ಕುಕ್ಕುತ್ತಿರುವಾಗ ಕಿಟಕಿಗೆ ಪರದೆ ಎಳೆಸಿ, ಒಳಗೆ ಎಲ್ಲ ದೀಪ ಹಚ್ಚಿಸಿ, ಎ.ಸಿ. ಕೆಳಗೆ ನಿಂತು ಪ್ರೊಜೆಕ್ಟರಿನಲ್ಲಿ ಹಸಿರು ಎಲೆ ತೋರಿಸುವವನು. ಎರಡು, ಯಜಮಾನ ಮಿತವ್ಯಯಿ. ಹೆಂಡತಿ ಮಕ್ಕಳ ಹಿಂದೆ ಸ್ವಿಚ್ಚು ಆರಿಸುತ್ತ ಗೊಣಗುವವನು; ಅವನು ಗೊರಕೆ ಹೊಡೆಯುವಾಗ ಅವನ ಟಿ.ವಿ. ಮಾತ್ರ ಓಡುತ್ತಲೇ ಇರುತ್ತದೆ. ಮೂರು, ಅನಿವಾರ್ಯ ಮಿತವ್ಯಯಿ, ಅಂದರೆ ಕರೆಂಟ್ ಹೋದಾಗ ಉಳಿಸುವವನು. ಗಾಳಿ ಮಳೆ ಬಂದ ರಾತ್ರಿ ದೇವದುರ್ಗದ ಕಡೆ ಊರಿಗೂರೇ ಈ ಪ್ರಭೇದಕ್ಕೆ ಸೇರಿಬಿಡುತ್ತದೆ. ಉಳಿದ ನಾಲ್ಕು ಹೋಗಲಿ. ಏಳು ಅಂದದ್ದು ಪ್ರಬಂಧಕ್ಕೆ ತೂಕ ಬರಲೆಂದು.

ಇನ್ನು ಫ್ಯಾನಿನ ತಾತ್ವಿಕತೆ. ಸಂಪನ್ಮೂಲ ವ್ಯಕ್ತಿಗಳು ಈಗಲೂ ಬಲ್ಬು ಬದಲಿಸಿ ಎನ್ನುತ್ತಾರೆ. 60 ವಾಟಿನದು ತೆಗೆದು 9 ವಾಟಿನ ಎಲ್‌ಇಡಿ ಹಾಕಿದ್ದು ಎಷ್ಟೋ ಮನೆಯವರಿಗೆ ಮರೆತೂ ಹೋಗಿದೆ. ಬಿಸಿಲು 42 ಡಿಗ್ರಿ ದಾಟುವ ಊರಲ್ಲಿ ಬಿಲ್ಲು ಏರುವುದು ತಲೆಯ ಮೇಲೆ ತಿರುಗುವುದರಿಂದ. ಮಾಮೂಲಿ ಸೀಲಿಂಗ್ ಫ್ಯಾನಿಗೆ ಸುಮಾರು 75 ವಾಟ್ ಬೇಕು, ಹೊಸ ಬಿಎಲ್‌ಡಿಸಿ ಫ್ಯಾನಿಗೆ 30 ಸಾಕು. ದಿನಕ್ಕೆ 16 ತಾಸು ತಿರುಗಿದರೆ ತಿಂಗಳಿಗೆ 21ಕ್ಕೂ ಹೆಚ್ಚು ಯೂನಿಟ್ ಉಳಿತಾಯ. ಹಳೇ ಡಬ್ಬಿ ರೆಗ್ಯುಲೇಟರಿದ್ದರೆ ಫ್ಯಾನನ್ನು ಎರಡಕ್ಕಿಳಿಸಿ ಅದರ ಮೈ ಮುಟ್ಟಿ ನೋಡಿ. ಉಳಿಯಿತೆಂದುಕೊಂಡ ಕರೆಂಟು ಅಲ್ಲಿ ಬಿಸಿಯಾಗಿ ಕೂತಿರುತ್ತದೆ. ಅದಕ್ಕೂ ಮೊದಲಿನ ಮಾತೊಂದಿದೆ: ಮಣ್ಣಿನ ಮಾಳಿಗೆ, ಮೊಳಗಟ್ಟಲೆ ದಪ್ಪದ ಗೋಡೆ, ಮೇಲೊಂದು ಬೆಳಕಿಂಡಿ ಇದ್ದ ಮನೆಗೆ ಮಧ್ಯಾಹ್ನವೂ ಕೂಲರ್ ಬೇಕಿರಲಿಲ್ಲ. ಅದನ್ನು ಕೆಡವಿ ತಗಡು ಹೊದಿಸಿದ್ದನ್ನು ಅಭಿವೃದ್ಧಿ ಎಂದು ಬರೆದುಕೊಂಡವರೇ ಈಗ ಕೂಲರ್ ಆರಿಸಿ ಎನ್ನುತ್ತಿದ್ದಾರೆ.

ಪ್ರಮೇಯ: ಉಳಿಸಿದವನು ಕೆಟ್ಟ. ಸಾಧನೆ: 2023ರಲ್ಲಿ ಬಂದ ಗೃಹಜ್ಯೋತಿ 200 ಯೂನಿಟ್ ಉಚಿತ ಎಂದೇ ಹೆಸರಾಯಿತು. ಆದರೆ 200 ಅದರ ಮಿತಿ. ಮನೆಗೆ ಸಿಗುವುದು 2022-23ರಲ್ಲಿ ಆ ಮನೆ ಬಳಸಿದ್ದರ ತಿಂಗಳ ಸರಾಸರಿ, ಅದರ ಮೇಲೆ ಶೇ 10. ಸರಾಸರಿ 180 ಉರಿಸಿದವನಿಗೆ 198 ಯೂನಿಟ್ ಪುಕ್ಕಟೆ. ಒಂದು ಬಲ್ಬು, ಒಂದು ಫ್ಯಾನಿನಲ್ಲಿ 30ಕ್ಕೆ ನಿಲ್ಲಿಸಿದ ದೇವದುರ್ಗದ ಮುದುಕಿಗೆ 33. 2024ರ ಜನವರಿಯಲ್ಲಿ ಸಚಿವ ಸಂಪುಟ ಕನಿಕರಿಸಿ, 48ಕ್ಕಿಂತ ಕಡಿಮೆ ಬಳಸುವವರಿಗೆ ಶೇಕಡಾ ಲೆಕ್ಕ ಬಿಟ್ಟು 10 ಯೂನಿಟ್ ಸೇರಿಸಿತು. ಮುದುಕಿಗೆ 40 ಆಯಿತು. ಯೋಜನೆ ಬೇಡವೆಂದಲ್ಲ, ಸೊನ್ನೆ ಬಿಲ್ಲು ಕಂಡು ಉಸಿರು ಬಿಟ್ಟವರು ನಮ್ಮ ಓಣಿಯಲ್ಲೇ ಇದ್ದಾರೆ. ಆದರೆ ಧಾರಾಳಿಗೆ ಧಾರಾಳ, ಜಿಪುಣಿಗೆ ಜಿಪುಣತನ ಎಂಬ ಈ ಲೆಕ್ಕ ಕಟ್ಟಿದವರು ಸಂಕಿರಣಕ್ಕೆ ಬಂದು ನಮಗೆ ಉಳಿತಾಯ ಕಲಿಸಬಾರದು.

ಭೌಗೋಳಿಕ ಪರಿಪ್ರೇಕ್ಷ್ಯವನ್ನೂ ಗಮನಿಸಬೇಕಾಗುತ್ತದೆ. ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರಿಯುತ್ತಿದೆ. ಎಂಟು ಘಟಕ, 1,720 ಮೆಗಾವಾಟ್ ಸಾಮರ್ಥ್ಯ. ಅದು ಸಾಲದೆ ಯರಮರಸ್‌ನಲ್ಲಿ 800ರ ಇನ್ನೆರಡು. ಒಂದು ಯೂನಿಟ್ಟಿಗೆ ಹತ್ತಿರಹತ್ತಿರ ಮುಕ್ಕಾಲು ಕಿಲೋ ಕಲ್ಲಿದ್ದಲು ಬೇಕು, ಅದರಲ್ಲಿ ಸುಮಾರು ಮೂರರಲ್ಲೊಂದು ಪಾಲು ಬೂದಿ. ಕರೆಂಟು ತಂತಿ ಹಿಡಿದು ನಾಡೆಲ್ಲ ಸುತ್ತುತ್ತದೆ. ಬೂದಿಗೆ ತಂತಿಯಿಲ್ಲ, ಅದು ಇಲ್ಲೇ ಬೀಳುತ್ತದೆ. ನಾಡಿನ ದೀಪಕ್ಕೆ ನಲವತ್ತು ವರ್ಷ ಬೂದಿ ಉಂಡ ಜಿಲ್ಲೆಗೆ ಬಂದು, ನೀವು ಕರೆಂಟಿನ ಬೆಲೆ ಅರಿಯಬೇಕು ಎನ್ನಲು ನಿಮಗೆ ನಾಲಿಗೆಯಾದರೂ ಹೇಗೆ ಹೊರಳುತ್ತದೆ ಸ್ವಾಮಿ? ಪ್ರಾದೇಶಿಕ ಅಸಮತೋಲನ ಅಳೆದ ನಂಜುಂಡಪ್ಪನವರ ಸಮಿತಿ 2002ರಲ್ಲೇ ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ಬರೆದಿಟ್ಟಿದೆ. ಅಲ್ಲಿ ಉಳಿಸಲು ಏನು ಉಳಿದಿದೆ ಅಂತ ಒಮ್ಮೆ ಹೋಗಿ ನೋಡಬೇಕಿತ್ತು.

ವಿದ್ವತ್ ಭಾಷೆಗೆ ಮರಳಿ, ಕೊನೆಯದಾಗಿ ಒಲೆ. ಮಾನ್ವಿಯ ಒಂದು ಸಭೆಯಲ್ಲಿ ಗ್ಯಾಸ್ ಉಳಿಸಲು ಕುಕ್ಕರ್ ಬಳಸಿ, ಮುಚ್ಚಳ ಮುಚ್ಚಿ, ಬೇಳೆ ನೆನೆಹಾಕಿ ಎಂದೆಲ್ಲ ಹೇಳಿಯಾದ ಮೇಲೆ ಸ್ವಸಹಾಯ ಸಂಘದ ಹೆಣ್ಣುಮಗಳೊಬ್ಬಳು ಎದ್ದು ಕೇಳಿದಳು: “ಎಲ್ಲಾ ಖರೇ ರೀ ಸಾಹೇಬ್ರ. ಕುಕ್ಕರ್‌ನಾಗ ರೊಟ್ಟಿ ಹೆಂಗ ಮಾಡಾದು?”

ಜೋಳದ ರೊಟ್ಟಿಗೆ ಮುಚ್ಚಳವಿಲ್ಲ. ಹಂಚು ಕಾದೇ ಇರಬೇಕು. ಒಂದನ್ನು ಬಡಿಯುವಷ್ಟರಲ್ಲಿ ಇನ್ನೊಂದು ಬೇಯುತ್ತಿರಬೇಕು, ಮೇಲೆ ನೀರು ಸವರಿ ತಿರುವಿ ಉಬ್ಬಿಸಬೇಕು. ಆರು ಜನರ ಮನೆಯಲ್ಲಿ ಗ್ಯಾಸು ಅಷ್ಟು ಹೊತ್ತೂ ಬುಸುಗುಡುತ್ತದೆ. 2016ರ ಉಜ್ವಲ ಯೋಜನೆಯಲ್ಲಿ ಒಲೆ ಮನೆಗೆ ಬಂತು, ನಿಜ. 14.2 ಕಿಲೋದ ಸಿಲಿಂಡರ್ ಮತ್ತೆ ತುಂಬಿಸುವ ದುಡ್ಡಿನ ಮಾತು ಬಂದಾಗ ಹೆಂಗಸರು ಹೊಲಕ್ಕೆ ಹೋಗಿ ಹತ್ತಿ ಕಟಗಿ ಕಿತ್ತು ಹೊರೆ ಕಟ್ಟಿ ತಂದರು. ಹತ್ತಿ ಕಟಗಿ ಭರ್ರಂತ ಉರಿದು ಗಪ್ಪಂತ ಆರುತ್ತದೆ. ಒಬ್ಬಳು ಬಡಿಯಬೇಕು, ಇನ್ನೊಬ್ಬಳು ಕಣ್ಣೊರೆಸುತ್ತ ಉರಿ ಹಾಕಬೇಕು. ಹೊಗೆಗೆ ಯಾವ ಮೀಟರೂ ಇಲ್ಲವಾದ್ದರಿಂದ ಅದು ಖರ್ಚಿನ ಲೆಕ್ಕಕ್ಕೆ ಬರುವುದಿಲ್ಲ.

ಸಾಹೇಬರು ಆಕೆಗೆ ಉತ್ತರ ಕೊಟ್ಟರು: ಆಹಾರ ಪದ್ಧತಿಯಲ್ಲೇ ಬದಲಾವಣೆ ತರಬೇಕಮ್ಮ. ಅವರಿಗೆ ತಿಳಿಯದ ಸಂಗತಿಯೆಂದರೆ ಬದಲಾವಣೆ ಬಂದಾಗಿದೆ. ರಾತ್ರಿ ರೊಟ್ಟಿ ಬಿಟ್ಟು ರೇಷನ್ ಅಕ್ಕಿಯ ಅನ್ನಕ್ಕೆ ಇಳಿದ ಮನೆಗಳು ಮಾನ್ವಿಯಲ್ಲಿ ನನಗೇ ಗೊತ್ತು. ಬಾಯಿರುಚಿ ಬದಲಾದದ್ದಲ್ಲ, ಸಿಲಿಂಡರ್ ಇನ್ನೊಂದು ಹದಿನೈದು ದಿನ ಬರಲೆಂದು. ಮುಂದಿನ ಡಿಸೆಂಬರಿನ ವರದಿಯಲ್ಲಿ ‘ವರ್ತನಾ ಪರಿವರ್ತನೆ: ಸಾಧಿಸಿದ ಗುರಿ’ ಎಂಬ ಕಾಲಮ್ಮಿನಲ್ಲಿ ಇದನ್ನು ತುಂಬಿಕೊಳ್ಳಲು ಸಂಬಂಧಪಟ್ಟವರಿಗೆ ಈ ಲೇಖಕನ ಅಭ್ಯಂತರವೇನಿಲ್ಲ.