ಕಣ್ಣು: ಬಳಕೆದಾರರ ಕೈಪಿಡಿ (ಕೊಂಡಜ್ಜಿ ಆವೃತ್ತಿ)

ಈ ಕೈಪಿಡಿ ನಿಮಗೆ ತಡವಾಗಿ ಸಿಗುತ್ತಿದೆ, ಬೇಸರಿಸಬೇಡಿ. ಸಾಧನ ಹುಟ್ಟಿದ ದಿನವೇ ಕೈಸೇರಿತ್ತು. ಆದರೆ ಕೈಪಿಡಿ ಓದುವುದಕ್ಕೂ ಅದೇ ಸಾಧನ ಬೇಕು, ಮೇಲಾಗಿ ಅಕ್ಷರವೂ ಬರಬೇಕು. ಹಾಗಾಗಿ ಓದಿಕೊಂಡು ಆಮೇಲೆ ಬಳಸಿದವರು ಇದುವರೆಗೆ ಯಾರೂ ಇಲ್ಲ.

ಪ್ರಯೋಗಗಳನ್ನು ಹರಿಹರ ತಾಲ್ಲೂಕಿನ ಕೊಂಡಜ್ಜಿಯಲ್ಲಿ ಮಾಡುವುದು ಒಳ್ಳೆಯದು. ದೂರ ನೋಡಲು ಕೆರೆಯಿದೆ, ಹತ್ತಿ ನೋಡಲು ಗುಡ್ಡವಿದೆ, ದಾವಣಗೆರೆಯಲ್ಲಿ ಸಿಗದ ಕತ್ತಲೆ ಇಲ್ಲಿ ಒಂದಿಷ್ಟು ಉಳಿದಿದೆ. ಕೊಂಡಜ್ಜಿ ಬಸಪ್ಪನವರ ಹೆಸರಿನ ಸ್ಕೌಟ್ಸ್ ಮತ್ತು ಗೈಡ್ಸ್ ಕೇಂದ್ರಕ್ಕೆ ಶಿಬಿರಕ್ಕೆಂದು ಬರುವ ಮಕ್ಕಳು ಹೆಚ್ಚು ಸವೆಯದ ಕಣ್ಣುಗಳನ್ನು ಗುಂಪುಗುಂಪಾಗಿ ಹೊತ್ತು ತರುತ್ತಾರೆ. ಪಕ್ಕದಲ್ಲಿ ಒಬ್ಬ ಶಿಬಿರದ ಮೇಷ್ಟ್ರೂ ಇರಬೇಕು. ಅವರ ತಲೆ ಮುಂದೆ ಬೇಕಾಗುತ್ತದೆ.

ಪೆಟ್ಟಿಗೆಯೊಳಗೆ ಏನೇನಿದೆ

ಗುಡ್ಡೆ ಎರಡು. ಅಡ್ಡಳತೆ ಸುಮಾರು 24 ಮಿಲಿಮೀಟರ್, ತೂಕ ಏಳೆಂಟು ಗ್ರಾಂ. ಒಂದೊಂದನ್ನೂ ಅತ್ತಿತ್ತ ತಿರುಗಿಸಲು ಆರಾರು ಸ್ನಾಯುಗಳು. ಒರೆಸಲು ರೆಪ್ಪೆ, ಬೆವರು ತಡೆಯಲು ಹುಬ್ಬು. ತೊಳೆಯಲು ಕಣ್ಣೀರು. ಅದರ ಚರಂಡಿ ರೆಪ್ಪೆಯ ಒಳತುದಿಯ ಸಣ್ಣ ತೂತಿನಿಂದ ಹೊರಟು ಮೂಗಿನೊಳಗೆ ತೆರೆಯುತ್ತದೆ. ಅತ್ತಾಗ ಮೂಗು ಸುರಿಯುವುದು, ಕಣ್ಣಿಗೆ ಬಿಟ್ಟ ಔಷಧಿ ಗಂಟಲಲ್ಲಿ ಕಹಿಯಾಗುವುದು ದೋಷವಲ್ಲ, ದೂರು ಕೊಡಬೇಡಿ.

ಮಧ್ಯದ ಪಾಪೆ ಕಪ್ಪು ಬಣ್ಣದ ವಸ್ತು ಅಂದುಕೊಂಡವರುಂಟು. ಅದು ಬರೀ ತೂತು. ಬಿಸಿಲಿಗೆ ಎರಡು ಮಿಲಿಮೀಟರಿಗೆ ಕುಗ್ಗುತ್ತದೆ, ಕತ್ತಲೆಗೆ ಏಳೆಂಟರವರೆಗೆ ಹಿಗ್ಗುತ್ತದೆ. ತೂತಿನ ಹಿಂದೆ ಮಸೂರ, ಅಂದರೆ ಲೆನ್ಸು. ಹೆಸರೆಲ್ಲ ಇದರದು, ಕೆಲಸ ಮಾತ್ರ ಇನ್ನೊಬ್ಬರದು. ಬೆಳಕನ್ನು ಬಗ್ಗಿಸುವ ಕೆಲಸದಲ್ಲಿ ಮೂರರಲ್ಲಿ ಎರಡು ಪಾಲನ್ನು ಮಾಡುವುದು ಎಲ್ಲಕ್ಕಿಂತ ಮುಂದೆ ನಿಂತ ಅರ್ಧ ಮಿಲಿಮೀಟರ್ ದಪ್ಪದ ಕಾರ್ನಿಯಾ. ಅದಕ್ಕೆ ರಕ್ತನಾಳವಿಲ್ಲ, ಇದ್ದರೆ ಬೆಳಕಿಗೆ ಅಡ್ಡ ಬರುತ್ತಿತ್ತು. ಆಮ್ಲಜನಕವನ್ನು ಕಣ್ಣೀರಿನ ಮೂಲಕ ನೇರ ಗಾಳಿಯಿಂದಲೇ ಪಡೆಯುತ್ತದೆ. ಅದರ ಮಹಿಮೆ ತಿಳಿಯಬೇಕಾದರೆ ನೀರಿನೊಳಗೆ ಕಣ್ಣು ಬಿಡಿ. ನೀರಿಗೂ ಕಾರ್ನಿಯಾಕ್ಕೂ ಬೆಳಕನ್ನು ಬಗ್ಗಿಸುವ ಗುಣದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ, ಅದಕ್ಕೇ ಎಲ್ಲವೂ ಮಬ್ಬು. ಇದಕ್ಕೆ ಕೆರೆಗೆ ಇಳಿಯುವುದು ಬೇಡ, ಬಕೆಟ್ ಸಾಕು.

ಮೇಷ್ಟ್ರ ತಲೆ ತೆಗೆಯುವ ವಿಧಾನ

ಗುಡ್ಡೆಯ ಒಳಗೋಡೆಗೆ ಅಂಟಿದ ರೆಟಿನಾದಲ್ಲಿ ಬೆಳಕು ಹಿಡಿಯುವ ಕೋಶಗಳಿವೆ. ಅವುಗಳ ತಂತಿಗಳನ್ನು ಯಾವ ಪುಣ್ಯಾತ್ಮ ಎಳೆದನೋ, ಕೋಶಗಳ ಹಿಂದೆ ಹಾಯಿಸುವ ಬದಲು ಬೆಳಕು ಬರುವ ಮುಂಭಾಗದಲ್ಲೇ ಹಾಯಿಸಿದ್ದಾನೆ. ಅಷ್ಟಪಾದಿಯಲ್ಲಿ ಹೀಗಿಲ್ಲ, ಅದರ ತಂತಿ ಹಿಂದೆಯೇ ಇದೆ. ನಮ್ಮದರಲ್ಲಿ ಹತ್ತು ಲಕ್ಷಕ್ಕೂ ಮಿಕ್ಕ ಎಳೆಗಳು ಒಟ್ಟಾಗಿ ಹಿಂದಕ್ಕೆ ಹೊರಡಲು ರೆಟಿನಾವನ್ನೇ ತೂತು ಮಾಡಬೇಕಾಯಿತು. ಆ ಜಾಗದಲ್ಲಿ ಬೆಳಕು ಹಿಡಿಯುವವರು ಯಾರೂ ಇಲ್ಲ.

ಈಗ ಮೇಷ್ಟ್ರನ್ನು ಮೂರು ಮೀಟರ್ ದೂರದಲ್ಲಿ ನಿಲ್ಲಿಸಿ. ಎಡಗಣ್ಣು ಮುಚ್ಚಿ. ಅವರ ತಲೆಯ ಎತ್ತರದಲ್ಲೇ, ತಲೆಯಿಂದ ನಿಮ್ಮ ಎಡಬದಿಗೆ ಮುಕ್ಕಾಲು ಮೀಟರಿಗಿಂತ ತುಸು ಆಚೆ ಇರುವ ಕೊಂಬೆಯೊಂದನ್ನು ಬಲಗಣ್ಣಿನಿಂದ ದಿಟ್ಟಿಸಿ. ದೃಷ್ಟಿಯನ್ನು ಕೊಂಬೆಯ ಮೇಲೆ ಕೊಂಚ ಅತ್ತಿತ್ತ ಸರಿಸಿ. ಒಂದು ಕಡೆ ಮೇಷ್ಟ್ರ ತಲೆ ಮಾಯವಾಗುತ್ತದೆ. ಅಂಗಿ ಇದೆ, ಸ್ಕಾರ್ಫ್ ಇದೆ, ಮೇಲೆ ಏನೂ ಇಲ್ಲ. ಈ ಕುರುಡು ಚುಕ್ಕೆಯನ್ನು 1660ರ ದಶಕದಲ್ಲಿ ಕಂಡುಹಿಡಿದವನು ಫ್ರಾನ್ಸಿನ ಎದ್ಮೆ ಮಾರಿಯೊಟ್. ಇಂಗ್ಲೆಂಡಿನ ದೊರೆ ಎರಡನೇ ಚಾರ್ಲ್ಸ್ ತನ್ನ ಆಸ್ಥಾನಿಕರ ತಲೆಗಳನ್ನು ಹೀಗೆಯೇ ಹಾರಿಸಿ ಖುಷಿಪಡುತ್ತಿದ್ದ ಎಂಬ ಕತೆಯಿದೆ. ಅವನಪ್ಪನ ತಲೆಯನ್ನು ಜನ ನಿಜವಾಗಿಯೇ ಹಾರಿಸಿದ್ದರು ಅನ್ನುವುದನ್ನು ನೆನೆದರೆ ಈ ಆಟ ಸ್ವಲ್ಪ ಖಾರವೇ.

ಗಮನಿಸಬೇಕಾದ್ದು ತಲೆ ಹೋದದ್ದನ್ನಲ್ಲ, ಅಲ್ಲಿ ಕರಿ ತೂತು ಕಾಣಲಿಲ್ಲ ಅನ್ನುವುದನ್ನು. ಹಿಂದಿನ ಆಕಾಶವನ್ನೇ ಎಳೆದು ಮೆದುಳು ಅಲ್ಲಿ ತೇಪೆ ಹಾಕಿತು, ನಿಮಗೆ ಹೇಳಲಿಲ್ಲ. ಈ ಸಾಧನದ ದೊಡ್ಡ ಗುಣವೂ ದೊಡ್ಡ ಕೇಡೂ ಇದೇ: ತನ್ನ ಕೊರತೆಯನ್ನು ಒಡೆಯನಿಂದ ಮುಚ್ಚಿಡುತ್ತದೆ. ಕನ್ನಡಿಯ ಮುಂದೆ ನಿಂತು ನಿಮ್ಮದೇ ಎಡಗಣ್ಣು ನೋಡಿ, ಆಮೇಲೆ ಬಲಗಣ್ಣು ನೋಡಿ. ಗುಡ್ಡೆ ಹೊರಳಿದ್ದು ನಿಮಗೆ ಎಂದೂ ಕಾಣುವುದಿಲ್ಲ, ಪಕ್ಕದಲ್ಲಿ ನಿಂತವರಿಗೆ ಚೆನ್ನಾಗಿ ಕಾಣುತ್ತದೆ. ಹೊರಳುವ ಆ ಗಳಿಗೆಯ ಮಸುಕು ಚಿತ್ರವನ್ನು ಮೆದುಳು ಕತ್ತರಿಸಿ ಬಿಸಾಡಿದೆ. ಎಚ್ಚರವಿರುವಾಗ ಸೆಕೆಂಡಿಗೆ ಸುಮಾರು ಮೂರು ಸಲ ಹೀಗೆ ನಡೆಯುತ್ತದೆ.

ನಿಚ್ಚಳವಾಗಿ ಕಾಣುವುದಾದರೂ ಎಷ್ಟು? ಕೈ ಚಾಚಿ ಹೆಬ್ಬೆರಳು ಎತ್ತಿದರೆ ಅದರ ಉಗುರಿನಷ್ಟಗಲ. ಉಳಿದದ್ದೆಲ್ಲ ಅಂದಾಜು. ಶಿಬಿರಗಳಲ್ಲಿ ಕಿಮ್ ಆಟ ಆಡಿಸುವುದುಂಟು: ತಟ್ಟೆಯಲ್ಲಿ ಪೆನ್ಸಿಲು, ಬೀಗದ ಕೈ, ಗುಂಡಿ, ಕಡ್ಡಿಪೆಟ್ಟಿಗೆ ಮುಂತಾದ ಹಲವು ವಸ್ತು ಇಟ್ಟು ಒಂದು ನಿಮಿಷ ತೋರಿಸಿ ಬಟ್ಟೆ ಮುಚ್ಚುವುದು. ಎಲ್ಲವನ್ನೂ ಕಂಡೆ ಅನ್ನುವ ಹುಡುಗ ಎಂಟು ಹೆಸರು ಹೇಳಿ ತಲೆ ಕೆರೆಯುತ್ತಾನೆ. ಅವನ ಉಗುರಗಲದ ನೋಟ ತಟ್ಟೆಯ ಮೇಲೆಲ್ಲ ಓಡಾಡಿದರೂ ಎಲ್ಲವೂ ನೆನಪಿನಲ್ಲಿ ನಿಲ್ಲಲಿಲ್ಲ.

ಎರಡು ಯಾಕೆ ಕೊಟ್ಟರು

ಹರಿಹರದ ಗುಡಿಯಲ್ಲಿ ಬಲಭಾಗ ಹರ, ಎಡಭಾಗ ಹರಿ, ಮೂರ್ತಿ ಒಂದೇ. ತಲೆಯೊಳಗೂ ಎರಡು ಚಿತ್ರಗಳು ಹೀಗೆಯೇ ಬೆಸೆದುಕೊಳ್ಳುತ್ತವೆ. ಎರಡು ಕಣ್ಣಿನ ನಡುವೆ ಆರು ಸೆಂಟಿಮೀಟರಿನಷ್ಟು ಅಂತರವಿರುವುದರಿಂದ ಚಿತ್ರಗಳು ಒಂದಕ್ಕೊಂದು ತುಸು ಬೇರೆ, ಆ ವ್ಯತ್ಯಾಸದಿಂದಲೇ ಆಳ ಗೊತ್ತಾಗುತ್ತದೆ. ಒಂದು ಕಣ್ಣು ಮುಚ್ಚಿ ಸೂಜಿಗೆ ದಾರ ಪೋಣಿಸಿ ನೋಡಿ.

ಆದರೆ ಒಂದು ಕೆಟ್ಟರೆ ಇನ್ನೊಂದು ಸದ್ದಿಲ್ಲದೆ ಕೆಲಸ ವಹಿಸಿಕೊಳ್ಳುತ್ತದೆ. ಗ್ಲಾಕೋಮಾ ಸಾಮಾನ್ಯವಾಗಿ ನೋವಿಲ್ಲದೆ ಅಂಚಿನಿಂದ ನೋಟವನ್ನು ತಿನ್ನುತ್ತ ಬರುತ್ತದೆ. ಹೋದ ನೋಟ ವಾಪಸು ಬರುವುದಿಲ್ಲ. ಮಗುವಿನ ಒಂದು ಕಣ್ಣು ಮಂದವಾಗಿದ್ದರೆ ಅದಕ್ಕೆ ಗೊತ್ತೇ ಆಗದು, ಲೋಕ ಇರುವುದೇ ಹೀಗೆ ಅಂದುಕೊಂಡಿರುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಬಸ್ಸಿಗೆ ಕಾಯುವಾಗ ಒಂದು ಕಣ್ಣು ಅಂಗೈಯಿಂದ ಮುಚ್ಚಿ ಬೋರ್ಡು ಓದಿ, ಆಮೇಲೆ ಇನ್ನೊಂದು ಮುಚ್ಚಿ ಓದಿ. ಒಂದರಲ್ಲಿ ‘ಹರಿಹರ’ವೂ ಇನ್ನೊಂದರಲ್ಲಿ ಬರೀ ಗೆರೆಯೂ ಕಂಡರೆ ಬಸ್ಸು ಹತ್ತಿ ದಾವಣಗೆರೆಗೇ ಹೋಗಿ, ಚಿಗಟೇರಿ ಆಸ್ಪತ್ರೆಯಿದೆ, ಬಾಪೂಜಿ ಆಸ್ಪತ್ರೆಯಿದೆ.

ರಾತ್ರಿ ಬಳಕೆ

ಬಣ್ಣ ಹಿಡಿಯುವ ಕೋಶಗಳು ಕಣ್ಣೊಂದಕ್ಕೆ ಸುಮಾರು 60 ಲಕ್ಷ, ಮಂದ ಬೆಳಕಿನವು ಸುಮಾರು 12 ಕೋಟಿ. ಎರಡನೆಯವು ಪೂರ್ತಿ ಎಚ್ಚರಗೊಳ್ಳಲು ಕತ್ತಲಲ್ಲಿ ಅರ್ಧ ಗಂಟೆ ಬೇಕು. ಅಷ್ಟರಲ್ಲಿ ಯಾರೋ ಮೊಬೈಲ್ ಬೆಳಗಿಸಿದರೆ ಮತ್ತೆ ಮೊದಲಿನಿಂದ. ನಟ್ಟನಡುವಿನ ನಿಚ್ಚಳ ಜಾಗದಲ್ಲಿ ಈ ರಾತ್ರಿಪಾಳಿಯವರು ಇಲ್ಲ. ಹಾಗಾಗಿ ಕೃತ್ತಿಕೆಯನ್ನು ನೇರ ನೋಡದೆ ಪಕ್ಕಕ್ಕೆ ನೋಡಿ, ಇನ್ನೊಂದೆರಡು ಚುಕ್ಕಿ ಹೆಚ್ಚು ಸಿಗುತ್ತವೆ. ಈ ರಾತ್ರಿಪಾಳಿಯವರಿಗೆ ಎ ಜೀವಸತ್ವ ಸಾಲದಿದ್ದರೆ ಇರುಳುಗುರುಡು. ನುಗ್ಗೆಸೊಪ್ಪು, ಪಪ್ಪಾಯಿ ಹಣ್ಣು ತಿನ್ನಿಸಿ.

ಎಚ್ಚರಿಕೆ (ಈ ಪುಟವನ್ನಾದರೂ ಓದಿ)

ಸುತ್ತಮುತ್ತ ಭತ್ತ, ಮೆಕ್ಕೆಜೋಳ ಬೆಳೆಯುವ ಸೀಮೆ ಇದು. ಕೊಯ್ಲಿನಲ್ಲಿ ಗರಿ ಕಣ್ಣಿಗೆ ಗೀರುತ್ತದೆ, ತೂರುವಾಗ ಹೊಟ್ಟು ಹೊಡೆಯುತ್ತದೆ. ಗೀರು ಸಣ್ಣದು, ಆದರೆ ಗರಿಯ ಜೊತೆ ಬಂದ ಬೂಷ್ಟು ಕಾರ್ನಿಯಾದಲ್ಲಿ ಬೇರೂರುತ್ತದೆ. ರಕ್ತನಾಳವಿಲ್ಲದ ಜಾಗ, ದೇಹದ ಕಾವಲು ಬಂದು ಮುಟ್ಟುವುದೂ ತಡ. ಹುಣ್ಣು ಮಾಯ್ದರೂ ಬಿಳಿ ಕಲೆ ಉಳಿಯುತ್ತದೆ, ಊರಲ್ಲಿ ‘ಕಣ್ಣಿಗೆ ಹೂ ಬಿತ್ತು’ ಅನ್ನುತ್ತಾರೆ. ಎದೆಹಾಲು, ಎಲೆರಸ, ಹರಳೆಣ್ಣೆ ಹಾಕಬೇಡಿ. ಎಲ್ಲಕ್ಕಿಂತ ಮುಖ್ಯ, ಮೆಡಿಕಲ್ ಶಾಪಿನಲ್ಲಿ ‘ಕೆಂಪಾಗಿದೆ, ಏನಾದ್ರೂ ಡ್ರಾಪ್ಸ್ ಕೊಡಿ’ ಎಂದು ಕೇಳಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಕೆಂಪು ಇಳಿಯುತ್ತದೆ, ನೋವು ತಗ್ಗುತ್ತದೆ, ಬೂಷ್ಟು ಹಬ್ಬುತ್ತದೆ. ಮುಚ್ಚಿಡುವ ಚಾಳಿಯ ಸಾಧನಕ್ಕೆ ಮುಚ್ಚಿಡುವ ಔಷಧಿ. ಶುದ್ಧ ನೀರಿನಲ್ಲಿ ತೊಳೆದು ಅವತ್ತೇ ಕಣ್ಣಿನ ಡಾಕ್ಟರ ಬಳಿ ಹೋಗಿ.

ಮಂಡಕ್ಕಿ ಜೊತೆ ಮೆಣಸಿನಕಾಯಿ ತಿಂದ ಕೈ ಕಣ್ಣಿಗೆ ತಾಗಿದರೆ ಏನಾಗುತ್ತದೆಂದು ದಾವಣಗೆರೆಯವರಿಗೆ ಹೇಳಿಕೊಡಬೇಕಿಲ್ಲ.

ಬಿಡಿಭಾಗಗಳು

ನಲವತ್ತು ದಾಟಿದ ಮೇಲೆ ಮಸೂರ ಬಿರುಸಾಗಿ ಪೇಪರು ದೂರ ಸರಿಯುತ್ತದೆ. ಚಾಳೀಸು ತಗೊಳ್ಳಿ, ನಾಚಿಕೆ ಬೇಡ. ಇನ್ನೂ ಮುಂದೆ ಪೊರೆ ಬರುತ್ತದೆ. ಬೀಳಗಿಯ ಡಾ. ಎಂ.ಸಿ. ಮೋದಿಯವರು ಊರೂರಲ್ಲಿ ಉಚಿತ ಶಿಬಿರ ಹೂಡಿ ಪೊರೆ ತೆಗೆದರು. ಒಂದೇ ದಿನ 833 ಶಸ್ತ್ರಚಿಕಿತ್ಸೆ ಮಾಡಿದ್ದು ಗಿನ್ನೆಸ್ ದಾಖಲೆ ಸೇರಿತು. ಆಗ ಪೊರೆಗಟ್ಟಿದ ಮಸೂರ ಹೊರಗೆ, ಸೋಡಾಬುಡ್ಡಿ ಕನ್ನಡಕ ಮೂಗಿನ ಮೇಲೆ. ಈಗ ಒಳಗೇ ಕೃತಕ ಮಸೂರ ಕೂರುತ್ತದೆ. ಯುದ್ಧವಿಮಾನದ ಕಿಟಕಿಯ ಪ್ಲಾಸ್ಟಿಕ್ ಚೂರುಗಳು ಪೈಲಟ್‌ಗಳ ಕಣ್ಣಲ್ಲಿ ಹೊಕ್ಕರೂ ಉರಿಯೂತ ತರದಿದ್ದುದನ್ನು ಕಂಡ ಹೆರಾಲ್ಡ್ ರಿಡ್ಲಿ 1949ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿಗೆ ಅಂಥದನ್ನು ಕೂರಿಸಿದ. ರೆಟಿನಾಕ್ಕೆ, ನರಕ್ಕೆ ಇಂಥ ಬದಲಿ ಭಾಗ ಅಂಗಡಿಯಲ್ಲಿಲ್ಲ.

ಹಿಂದಿರುಗಿಸುವ ವಿಧಾನ

ಒಡೆಯ ತೀರಿಕೊಂಡ ಕೂಡಲೇ ನೇತ್ರಭಂಡಾರಕ್ಕೆ ಫೋನು ಮಾಡಬೇಕು, ಆರು ಗಂಟೆಯೊಳಗೆ ಅವರು ಬಂದು ತೆಗೆದುಕೊಳ್ಳಬೇಕು. ಫ್ಯಾನು ಆರಿಸಿ, ರೆಪ್ಪೆ ಮುಚ್ಚಿ ಒದ್ದೆ ಹತ್ತಿಯಿಡಿ, ದಿಂಬಿಟ್ಟು ತಲೆ ಎತ್ತರಿಸಿ. ಇನ್ನೊಬ್ಬರಿಗೆ ಹಾಕುವುದು ಇಡೀ ಗುಡ್ಡೆಯನ್ನಲ್ಲ, ಆ ಅರ್ಧ ಮಿಲಿಮೀಟರ್ ಕಾರ್ನಿಯಾವನ್ನು. ನಟ ರಾಜಕುಮಾರ್ ಅವರದು 2006ರಲ್ಲಿ ಇಬ್ಬರಿಗೆ ಹೋಯಿತು. 2021ರಲ್ಲಿ ಅವರ ಮಗ ಪುನೀತ್ ಅವರ ಎರಡು ಕಾರ್ನಿಯಾಗಳನ್ನು ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಪದರ ಬಿಡಿಸಿ ನಾಲ್ವರಿಗೆ ಹಾಕಿದರು. ಪೊರೆ ತೆಗೆಸಿಕೊಂಡವರೂ ಕೊಡಬಹುದು, ಸಕ್ಕರೆ ಕಾಯಿಲೆಯವರೂ ಕೊಡಬಹುದು, ಚಾಳೀಸಿನವರೂ ಕೊಡಬಹುದು. ಚಾಳೀಸನ್ನು ಮಾತ್ರ ಮನೆಯವರೇ ಇಟ್ಟುಕೊಳ್ಳಲಿ.